ನನ್ನ ನಾದಿನಿ ನೋವಿಗೆ ಕಟ್ಟಿದ ಬೆಲೆ

ನನ್ನ ಗಂಡನ ತಂಗಿಯನ್ನು ಬೀದಿಯವರೆಲ್ಲ ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಕೊಂಡು, ತಿಕ್ಕಿ ಬೆಳಗಿಸಿ, ಕಲಾಯಿ ಹಾಕಿಸಿ ಮಾರುವುದು ಅವಳ ಕಸುಬು. ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲು ತೆಗೆದರೆ ಹೊಸ್ತಿಲವರೆಗೂ ಪಾತ್ರೆಗಳೇ. ಗಿರಾಕಿ ಹೊರಗೆ ನಿಲ್ಲಬೇಕು, ಅವಳು ಒಳಗೆ ಒಂದು ಮೋಟು ಸ್ಟೂಲಿನ ಮೇಲೆ ಮೊಣಕಾಲು ಮಡಚಿಕೊಂಡು ಕೂರಬೇಕು. ತಲೆಯ ಮೇಲೆ ಕಬ್ಬಿಣದ ಕೊಕ್ಕೆಗೆ ತಕ್ಕಡಿ ತೂಗುತ್ತಿರುತ್ತಿತ್ತು. ಮಗಳು ಇನ್ನೂ ಚಿಕ್ಕವಳಿರುವಾಗಲೇ ಗಂಡ ತೀರಿಕೊಂಡ. ಆ ಸ್ಟೂಲಿನ ಮೇಲೆ ಕೂತೇ ಮಗಳನ್ನು ಓದಿಸಿದಳು. ಮಗಳು ಈಗ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ನನ್ನ ಗಂಡ ಹೋದ ಮೇಲೆ ನಾನೂ ಅವರ ಮನೆಗೇ ಬಂದೆ. ಮೂವರು ಹೆಂಗಸರು, ಎರಡು ಕೋಣೆ, ಜಗಳಕ್ಕೆ ಬರವಿಲ್ಲ.

ಅವಳು ಕೊಳ್ಳುವ ರೀತಿಯನ್ನು ನೋಡಬೇಕು. ಯಾರಾದರೂ ಪಾತ್ರೆ ತಂದರೆ ಮೊದಲು ಅದರ ಕಡೆ ನೋಡುತ್ತಲೇ ಇರಲಿಲ್ಲ. ಬೀದಿಯಲ್ಲಿ ಹೋಗುವವರನ್ನು ನೋಡುತ್ತ ಕೂರುವಳು. ಆಮೇಲೆ ಬೇಡದ ಮನಸ್ಸಿನಿಂದ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವಳು. ದನಿ ಪೂರ್ತಿ ಆರುವವರೆಗೂ ಉಸಿರಾಡುತ್ತಿರಲಿಲ್ಲ. ಬಿರುಕಿದ್ದರೆ ಕಣ್ಣಿಗೆ ಕಾಣುವ ಮೊದಲೇ ದನಿಯಲ್ಲಿ ಗೊತ್ತಾಗುತ್ತದಂತೆ. ದನಿ ಚೆನ್ನಾಗಿದ್ದರೆ ಅವಳ ಮುಖ ಹುಳ್ಳಗಾಗುತ್ತಿತ್ತು. ಬುಡ ತೆಳುವಾಗಿದೆ, ಕಂಠ ಸೊಟ್ಟ, ಯಾರೋ ಕೋಪದಲ್ಲಿ ಎತ್ತಿ ಎಸೆದಿದ್ದಾರೆ, ಇದನ್ನು ಯಾರು ಕೊಳ್ಳುತ್ತಾರೆ ಎಂದು ಶುರು ಮಾಡುವಳು. ಬೇಡದ ಪಾತ್ರೆಯಾದರೆ ಮಾತ್ರ ಹೊಗಳಿಕೆ. ಆಹಾ, ಇಂಥಾದ್ದು ಈಗ ಸಿಗೋದಿಲ್ಲಮ್ಮ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ನಯವಾಗಿ ಸಾಗಹಾಕುವಳು. ನಾನು ಆ ಮನೆಗೆ ಹೊಸದಾಗಿ ಬಂದಾಗ ನನಗೆ ಹೇಳಿಕೊಟ್ಟಿದ್ದಳು: “ಬೇಕಾದ್ದನ್ನ ಚೆನ್ನಾಗಿದೆ ಅಂದ್ರೆ ಕೆಟ್ಟೆ ಅತ್ತಿಗೆ. ಬಾಯಿ ಮುಚ್ಚೋದರೊಳಗೆ ಬೆಲೆ ಏರಿರುತ್ತೆ.”

ಇನ್ನು ಅವಳು ಹೇಳುವ ಮೊದಲ ಬೆಲೆ ಯಾವತ್ತೂ ನಿಜದ ಬೆಲೆಯಾಗಿರುತ್ತಿರಲಿಲ್ಲ. ಎಷ್ಟೋ ಕೆಳಗಿನಿಂದ ಶುರು ಮಾಡಿ, ಎದುರಿನವರು ಎಳೆದರೆ ಗೊಣಗುತ್ತ ಒಂದೊಂದೇ ಮೆಟ್ಟಿಲು ಏರುವಳು. ಇದು ಅಂಗಡಿಯಲ್ಲಿ ಮಾತ್ರ ಇದ್ದಿದ್ದರೆ ಸರಿ, ಮೈಗೇ ಹತ್ತಿಬಿಟ್ಟಿತ್ತು. ಹಸಿವೆಯಾ ಎಂದರೆ ಅಷ್ಟೇನಿಲ್ಲ ಎನ್ನುವಳು, ಕೂತರೆ ಇಬ್ಬರ ಊಟ ಮಾಡುವಳು. ಜ್ವರದಲ್ಲಿ ಮೈ ಸುಡುತ್ತಿದ್ದರೂ ಸ್ವಲ್ಪ ಬೆಚ್ಚಗಿದೆ ಅಷ್ಟೆ ಎನ್ನುವಳು. ನನ್ನ ಗಂಡ ನಗುತ್ತಿದ್ದರು, ಇವಳು ಹುಟ್ಟಿದಾಗ ಅಳುವ ಬದಲು ಸೂಲಗಿತ್ತಿಗೆ ಏನಾದರೂ ಕಡಿಮೆ ಮಾಡಿಕೊಳ್ಳಿ ಅಂದಿರಬೇಕು ಎಂದು.

ಕಾಯಿಲೆ ಮೊದಲು ಹೊಟ್ಟೆಯಲ್ಲಿತ್ತು, ಆಮೇಲೆ ಸೊಂಟದ ಮೂಳೆಗೆ ಇಳಿಯಿತು. ದೊಡ್ಡ ಆಸ್ಪತ್ರೆಯ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: ವಾಸಿ ಮಾಡುವ ಔಷಧ ಇನ್ನಿಲ್ಲ, ಇನ್ನು ಬೇಕಾಗಿರುವುದು ನೋವಿಲ್ಲದ ಹಾಗೆ ನೋಡಿಕೊಳ್ಳುವವರು. ಕೊನೆಗಾಲದವರನ್ನು ನೋಡಿಕೊಳ್ಳುವ ಮನೆಗಳು ಎರಡಿವೆ, ಹೋಗಿ ನೋಡಿ ಎಂದರು. ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಮಗಳು ಕಚೇರಿಗೆ ಹೋಗಬೇಕು, ನನ್ನ ಮೊಣಕಾಲಿಗೆ ನನ್ನನ್ನು ಎತ್ತುವುದೇ ಸಾಕು, ಇನ್ನೊಬ್ಬರನ್ನು ಹೇಗೆ ಎತ್ತಲಿ? ನಾವಿಬ್ಬರೂ ಹೋಗಿ ನೋಡಿ ಬರುತ್ತೇವೆ ಎಂದರೆ ಅವಳು ಕೇಳಲಿಲ್ಲ.

“ಮಲಗೋಳು ನಾನು. ಮಂಚ ನಾನೇ ನೋಡ್ತೀನಿ. ನೋಡದೆ ಏನನ್ನೂ ತಗೊಂಡೋಳಲ್ಲ ನಾನು,” ಎಂದಳು.

ಹಾಗಾಗಿ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಒತ್ತಿ ಅವಳನ್ನು ಕೂರಿಸಿಕೊಂಡು ಮೂವರೂ ಹೊರಟೆವು.

ಮೊದಲನೆಯ ಮನೆ ಊರ ಅಂಚಿನಲ್ಲಿತ್ತು. ಬಿಳಿ ಕಟ್ಟಡ, ಮುಂದೆ ಕತ್ತರಿಸಿದ ಹುಲ್ಲು, ಒಳಗೆ ಕಾಲಿಟ್ಟರೆ ಗಾಜಿನ ತೊಟ್ಟಿಯಲ್ಲಿ ಮೀನು. ಗುಂಡಿ ಒತ್ತಿದರೆ ತಲೆಯ ಕಡೆ ಏಳುವ ಮಂಚಗಳು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಟೈ ಕಟ್ಟಿದ ಮ್ಯಾನೇಜರು ಎಲ್ಲವನ್ನೂ ತೋರಿಸಿದರು. ನಾನು ಹಾಸಿಗೆಯ ಬಟ್ಟೆ ಮುಟ್ಟಿ ನೋಡಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ. ಎಲ್ಲೂ ಧೂಳಿಲ್ಲ. ಪ್ರತಿಯೊಬ್ಬರ ಕೈಗೆಟುಕುವ ಹಾಗೆ ನೀರಿನ ಲೋಟವಿತ್ತು. ಆ ಮನೆಯಲ್ಲಿ ಒಂದು ಸದ್ದಿಲ್ಲ, ನನಗೆ ಅದೇ ಹಿಡಿಸಿತು. ಮಗಳು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಮಿಕ್ಕ ದಿನ ಫೋನಿನಲ್ಲಿ ಸಿಗುತ್ತಾರೆ ಎಂದರು. ನನ್ನ ನಾದಿನಿ ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿ, ಬಹಳ ಚೆನ್ನಾಗಿದೆ, ಇಂಥಾದ್ದು ನಾನೆಲ್ಲೂ ನೋಡಿಲ್ಲ ಎಂದಳು. ಮ್ಯಾನೇಜರಿಗೆ ಖುಷಿಯೋ ಖುಷಿ.

ಎರಡನೆಯದು ಪೇಟೆಯ ಒಳಗೆ, ಹಿಂದೆ ಶಾಲೆಯಾಗಿದ್ದ ಕಟ್ಟಡ. ಒಂದೇ ಉದ್ದನೆಯ ಕೋಣೆ, ಮಂಚ ಮಂಚದ ನಡುವೆ ಪರದೆ, ಗೋಡೆಗೆ ಎದೆಯುದ್ದದವರೆಗೆ ಹಸಿರು ಬಣ್ಣ. ನಾವು ಹೋದಾಗ ಅಲ್ಲಿಯ ಮುಖ್ಯ ನರ್ಸು, ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುವ ದಪ್ಪನೆಯ ಹೆಂಗಸು, ಒಬ್ಬ ಮುದುಕರಿಗೆ ಗಡ್ಡ ಹೆರೆಯುತ್ತಿದ್ದಳು. ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಸರಿ ಬರಲಿಲ್ಲ. ಸಾಯುವವರ ಮುಂದೆ ಇದೆಂಥ ನಗೆ ಅನಿಸಿತು. ನಾದಿನಿಯಂತೂ ಬಾಗಿಲಿನಿಂದಲೇ ಶುರು ಮಾಡಿದಳು. ಮಂಚ ಕಿರ್ರೋ ಅನ್ನುತ್ತೆ. ಗೋಡೆ ನೋಡಿದರೆ ಹೊಟ್ಟೆ ತೊಳಸುತ್ತೆ. ನೀರಿಗೆ ಕಬ್ಬಿಣದ ವಾಸನೆ.

“ಆ ಸಿಸ್ಟರ್ ನೋಡು, ಬಾತುಕೋಳಿ ನಡೆದ ಹಾಗೆ ನಡೀತಾಳೆ,” ಎಂದು ಮಗಳ ಕಿವಿಯಲ್ಲಿ ಹೇಳಿದಳು. ಅವಳ ಪಿಸುಮಾತು ಬೀದಿಗೆ ಕೇಳುವಂಥದ್ದು.

ದೊಡ್ಡ ಸಿಸ್ಟರ್ ಕ್ಷೌರದ ಬ್ಲೇಡು ಒರೆಸುತ್ತಲೇ ಹೇಳಿದಳು: “ಬಾತುಕೋಳಿ ಆದ್ರೂ ಕರೆದ ಕಡೆಗೆ ಬರುತ್ತಮ್ಮ.”

ವಾಪಸ್ಸು ಬರುವಾಗ ಮಗಳು ಬಿಳಿ ಮನೆಯೇ ಸರಿ ಎಂದಳು. ನನಗೂ ಅದೇ ಸರಿ ಕಂಡಿತ್ತು. ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ, ನಿಮ್ಮಮ್ಮ ಹೊಗಳಿದ್ದನ್ನು ಯಾವತ್ತಾದರೂ ಕೊಂಡಿದ್ದಾಳೇನೇ ಎಂದು.

“ಅತ್ತೆ, ಅಮ್ಮ ಈಗ ಪಾತ್ರೆ ಕೊಳ್ಳೋಕೆ ಹೊರಟಿಲ್ಲ,” ಎಂದಳು ಮಗಳು.

ಅದೂ ನಿಜವೇ ಅನಿಸಿತು. ಹಿಂದಿನ ಸೀಟಿನಲ್ಲಿ ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಬಿಳಿ ಮನೆಗೇ ಸೇರಿಸಿದೆವು. ಅಲ್ಲಿಯವರನ್ನು ನಾನು ಕೆಟ್ಟವರೆನ್ನಲಾರೆ. ಅವಳ ಕೋಣೆಗೆ ನೇಮಿಸಿದ್ದ ಹುಡುಗಿ ನರ್ಸು ಬಹಳ ಮೃದು. ಹಾಸಿಗೆಯ ಬಟ್ಟೆ ಬದಲಿಸುವಾಗ ಕ್ಷಮಿಸಿ ಅಜ್ಜಿ, ಕ್ಷಮಿಸಿ ಅಜ್ಜಿ ಎನ್ನುತ್ತಲೇ ಬದಲಿಸುವಳು. ದಿನಾ ಬೆಳಿಗ್ಗೆ ಬಂದು, ನೋವು ಹತ್ತರಲ್ಲಿ ಎಷ್ಟು ಅಜ್ಜಿ, ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯೋಕಾಗದ್ದು ಎಂದು ಕೇಳುವಳು. ನಾದಿನಿ ಕಿಟಕಿಯ ಕಡೆ ನೋಡುತ್ತ ಎರಡು ಎನ್ನುವಳು. ಹುಡುಗಿ ಎರಡು ಎಂದು ಗುರುತು ಹಾಕಿಕೊಂಡು, ಎರಡಕ್ಕೆ ತಕ್ಕ ಮಾತ್ರೆ ಕೊಟ್ಟು ಮುಂದಿನ ಕೋಣೆಗೆ ಹೋಗುವಳು. ಮೊದಮೊದಲು ನಾವು ಅದನ್ನೇ ನೆಮ್ಮದಿ ಅಂದುಕೊಂಡೆವು. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಮಗಳು, ಅಮ್ಮನಿಗೆ ನೋವು ಬಹಳ ಕಡಿಮೆಯಂತೆ ಎಂದು ಹೇಳಿಕೊಳ್ಳುತ್ತಿದ್ದಳು.

ಅದು ಸುಳ್ಳು ಎಂದು ಮೊದಲು ಕಂಡುಕೊಂಡವಳೂ ಮಗಳೇ. ಒಂದು ಸಂಜೆ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ನಾದಿನಿ ಚಮಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಿಡಲೇ ಇಲ್ಲ. ಮಗಳು ಎಳೆದರೂ ಬರಲಿಲ್ಲ. ಹಣೆಯ ಮೇಲೆ ಬೆವರು, ಹೊದಿಕೆಯ ಕೆಳಗೆ ಕಾಲ ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಂಡಿದ್ದವು. ನೋವಿನ ಅಲೆ ಇಳಿದ ಮೇಲೆ ಚಮಚ ಬಿಟ್ಟಳು. ಹಿಡಿಯ ಹತ್ತಿರ ಅದು ಬಾಗಿತ್ತು.

ಮಗಳು ಚಮಚವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಅಮ್ಮ, ಇದು ಎರಡಾ?”

“ಮತ್ತಿನ್ನೇನು?”

“ನಿಜ ಹೇಳಮ್ಮ. ಇಲ್ಲಿ ಯಾರೂ ನಿನ್ನ ಹತ್ರ ವ್ಯಾಪಾರಕ್ಕೆ ಬಂದಿಲ್ಲ.”

ನಾದಿನಿ ಕಿಟಕಿಯ ಕಡೆ ತಿರುಗಿ ಹೇಳಿದಳು: “ಜಾಸ್ತಿ ಹೇಳಿದ್ರೆ ಜಾಸ್ತೀನೇ ಕೊಡ್ತಾನೆ ಕಣೇ ಮೇಲಿರೋನು. ಕಡಿಮೆಯಿಂದ ಶುರು ಮಾಡಿದ್ರೇ ಎಲ್ಲೋ ಮಧ್ಯದಲ್ಲಿ ನಿಲ್ಲುತ್ತೆ.”

ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗೆ ಹೋಗಿ ಹುಡುಗಿ ನರ್ಸಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಹುಡುಗಿಗೂ ಸಂಕಟವಾಯಿತು. ಆದರೆ ಅವರು ಬಾಯಿಬಿಟ್ಟು ಹೇಳುವುದು ಎರಡು, ನಾನು ಬೇರೆ ಹೇಗೆ ಬರೆಯಲಿ, ಔಷಧ ಏರಿಸಬೇಕಾದರೆ ಡಾಕ್ಟರೇ ಹೇಳಬೇಕು ಎಂದಳು. ಡಾಕ್ಟರು ಬಂದು ಹೋಗಿ ಇನ್ನೂ ಎರಡೇ ದಿನವಾಗಿತ್ತು. ಫೋನು ಮಾಡಿದರೆ ಕಚೇರಿಯವರು ಎತ್ತಿಕೊಂಡು, ತಿಳಿಸುತ್ತೇವೆ ಎಂದರು. ಮರುದಿನ ಕೇಳಿದರೆ ತಿಳಿಸಿದ್ದೇವೆ ಎಂದರು. ಅದರಾಚೆ ದಿನ, ಚಾರ್ಟಿನಲ್ಲಿ ಎರಡು ಎಂದೇ ಇದೆಯಲ್ಲ, ಗಾಬರಿ ಬೇಡ ಎಂದು ಡಾಕ್ಟರು ಅಂದರು ಎಂದರು. ಅಷ್ಟು ದಿನವೂ ನಾನು ಮಂಚದ ಪಕ್ಕ ಕೂತು ನೋಡಿದ್ದೇನೆ. ಅಲೆ ಬಂದಾಗ ಮಂಚದ ಅಂಚಿನ ಕಬ್ಬಿಣವನ್ನು ಹಿಡಿಯುವಳು. ಇಳಿದಾಗ, ಈ ಹೊದಿಕೆ ಬಹಳ ಚೆನ್ನಾಗಿದೆ ಅತ್ತಿಗೆ, ನೋಡಿ ಎಂಥ ನೇಯ್ಗೆ ಎನ್ನುವಳು. ಆ ಮನೆಯಲ್ಲಿ ಅವಳು ಬಯ್ದ ವಸ್ತು ಒಂದೂ ಇರಲಿಲ್ಲ.

ಮಗಳು ಮೀನಿನ ತೊಟ್ಟಿಯ ಹತ್ತಿರ ನಿಂತು ನನಗೆ ಹೇಳಿದಳು: “ಅತ್ತೆ, ಅಮ್ಮ ಹೊಗಳಿದಾಗಲೇ ನಾನು ಅರ್ಥ ಮಾಡ್ಕೋಬೇಕಿತ್ತು. ನಾನು ಅವಳ ಮಗಳಲ್ವಾ?”

ಅಮ್ಮ ಸಾಯುತ್ತಾಳೆ ಅನ್ನುವುದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಹೀಗೆ ಕಬ್ಬಿಣ ಹಿಡಿದುಕೊಂಡು ಸಾಯುತ್ತಾಳೆ ಅನ್ನುವುದು ಅವಳ ಗಂಟಲಲ್ಲಿ ಇಳಿಯಲಿಲ್ಲ. ಆ ನಗುವ ಮನೆಗೆ ಫೋನು ಮಾಡು, ಜಾಗ ಇದೆಯಾ ಕೇಳು ಎಂದೆ. ಜಾಗವಿತ್ತು. ಹೊರಡುವಾಗ ಹುಡುಗಿ ನರ್ಸು ಕಣ್ಣೊರೆಸಿಕೊಂಡು ನಾದಿನಿಯ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಬಾಗಿದ ಚಮಚಕ್ಕೆ ಅವರು ದುಡ್ಡು ಕೇಳಲಿಲ್ಲ.

ಹಳೇ ಶಾಲೆಯ ಬಾಗಿಲಿನಲ್ಲಿ ದೊಡ್ಡ ಸಿಸ್ಟರ್ ತಾನೇ ಬಂದು ವ್ಯಾನಿನಿಂದ ಇಳಿಸಿಕೊಂಡಳು. ಮಗಳು ಕಾಗದಗಳನ್ನು ಮುಂದೆ ಹಿಡಿದರೆ, ಇರಲಿ, ಅವು ಎಲ್ಲೂ ಓಡಿಹೋಗೋದಿಲ್ಲ ಎಂದು ಮೇಜಿನ ಮೇಲಿಟ್ಟಳು. ಕಿರ್ರೆನ್ನುವ ಮಂಚದ ಮೇಲೆ ಮಲಗಿಸಿ, ಸೊಂಟದ ಕೆಳಗೆ ಒಂದು, ಮೊಣಕಾಲ ಕೆಳಗೆ ಒಂದು ದಿಂಬು ಕೊಟ್ಟು, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. ಕಾಲ ಬೆರಳುಗಳನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಪರದೆಯ ಆಚೆ ಕರೆದು, ಇವರು ಇಷ್ಟು ವರ್ಷ ಏನು ಕೆಲಸ ಮಾಡಿಕೊಂಡಿದ್ದರು ಎಂದು ಕೇಳಿದಳು. ಬಿಳಿ ಮನೆಯಲ್ಲಿ ವಯಸ್ಸು ಕೇಳಿದ್ದರು, ತೂಕ ಕೇಳಿದ್ದರು, ಯಾವ ಔಷಧ ಆಗುವುದಿಲ್ಲ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನು ತಕ್ಕಡಿಯಮ್ಮ ಎಂಬ ಹೆಸರಿನ ವಿಷಯ, ಪಾತ್ರೆಯ ವಿಷಯ, ತಟ್ಟಿ ನೋಡುವ ವಿಷಯ, ಹೊಗಳುವ ಬಯ್ಯುವ ವಿಷಯ, ಎರಡರ ವಿಷಯ ಎಲ್ಲವನ್ನೂ ಹೇಳಿದೆ. ಅವಳು ಮತ್ತೆ ಅದೇ ನಗೆ ನಕ್ಕಳು. ಈ ಸಲ ನನಗೆ ಕೋಪ ಬರಲಿಲ್ಲ.

ನನಗೂ ಅದೇ ನಿಯಮ ಅಮ್ಮ, ಅವರ ಬಾಯಿಂದ ಬಂದದ್ದನ್ನೇ ಬರೆಯಬೇಕು, ನಿಜ ಹೊರಡಿಸುವುದೇ ಕೆಲಸ ಎನ್ನುತ್ತ ಸಿಸ್ಟರ್ ಒಂದು ಮೋಟು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು.

“ಹೇಳಿ ತಕ್ಕಡಿಯಮ್ಮ. ಹತ್ತರಲ್ಲಿ ಎಷ್ಟು ನೋವು?”

“ಎರಡು.”

“ಎರಡಾ? ಬೆಳಿಗ್ಗೆ ಬೆಳಿಗ್ಗೆ ಒಳ್ಳೇ ಬೋಣಿ ಮಾಡಿದ್ರಿ. ನಾನು ಒಂಬತ್ತು ಅಂತೀನಿ.”

ನಾದಿನಿ ಕಿಟಕಿಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದಳು. “ಒಂಬತ್ತಾ? ಯಾವ ಊರಿನ ರೇಟಮ್ಮ ಇದು?”

“ಇದೇ ಊರಿಂದು. ಬೆರಳು ನೋಡಿದೀನಿ, ಹಣೆ ನೋಡಿದೀನಿ. ಮಾಲು ಗಟ್ಟಿ ಇದೆ.”

“ಗಟ್ಟಿ ಏನು ಬಂತು. ಹಳೇದು, ಸವೆದಿರೋದು. ಮೂರು.”

“ಮೂರಕ್ಕೆ ನಮ್ಮಲ್ಲಿ ಯಾರೂ ದಿಂಬನ್ನೂ ತಿರುಗಿಸಲ್ಲ. ಎಂಟೂವರೆ. ನಿಮ್ಮ ಮುಖ ನೋಡಿ ಅರ್ಧ ಬಿಟ್ಟೆ.”

“ಬಿಡೋಳ ಮುಖ ನೋಡು. ನಾಲ್ಕು, ಇಷ್ಟ ಇದ್ರೆ ತಗೋ, ಇಲ್ದಿದ್ರೆ ಮುಂದಿನ ಮಂಚಕ್ಕೆ ನಡಿ.”

ಸಿಸ್ಟರ್ ನಿಜವಾಗಿಯೂ ಎದ್ದು ನಿಂತಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಪಕ್ಕದ ಮಂಚದಲ್ಲಿದ್ದ ನಿವೃತ್ತ ಮೇಷ್ಟ್ರಮ್ಮ ಪರದೆ ಸರಿಸಿಕೊಂಡು ಕುತ್ತಿಗೆ ಉದ್ದ ಮಾಡಿದ್ದರು. ಅಷ್ಟರಲ್ಲಿ ನಾದಿನಿಗೆ ಅಲೆ ಬಂತು. ಮಂಚದ ಅಂಚು ಹುಡುಕಿದ ಕೈಯನ್ನು ಸಿಸ್ಟರ್ ಬಂದು ಹಿಡಿದುಕೊಂಡಳು. ಹಿಂಡಲು ತನ್ನ ಕೈಯನ್ನೇ ಕೊಟ್ಟಳು. ಅಲೆ ಇಳಿಯುವ ಹೊತ್ತಿಗೆ ಆ ದಪ್ಪ ಕೈಯ ಮೇಲೆ ಬೆರಳ ಗುರುತು ಮೂಡಿತ್ತು.

“ಎಂಟು,” ಎಂದಳು ಸಿಸ್ಟರ್, ಈಗ ನಗದೆ.

ನಾದಿನಿ ಆ ಗುರುತುಗಳನ್ನೇ ನೋಡುತ್ತಿದ್ದಳು. “ಏಳು. ಕೊನೇ ಮಾತು.”

“ನಷ್ಟ ಆಗುತ್ತೆ, ಆದ್ರೂ ಆಯ್ತು. ಏಳಕ್ಕೆ ಮುಗಿಸೋಣ.”

ಏಳಕ್ಕೆ ತಕ್ಕ ಔಷಧವನ್ನು ಅಲ್ಲಿಯ ಡಾಕ್ಟರು ಪಕ್ಕದ ಕೋಣೆಯಿಂದ ಬಂದು, ನೋಡಿ, ಆಗಲೇ ಬರೆದುಕೊಟ್ಟರು. ಸಿಸ್ಟರ್ ಅದನ್ನು ಕೊಟ್ಟು ಎದ್ದು ಹೋಗಲಿಲ್ಲ. ಅದು ಮೈಗೆ ಹತ್ತುವವರೆಗೂ ಸ್ಟೂಲಿನ ಮೇಲೇ ಕೂತಿದ್ದಳು. ಹೊದಿಕೆಯ ಕೆಳಗೆ ಕಾಲ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ನನ್ನ ನಾದಿನಿ ಬಾಯಿ ತೆರೆದುಕೊಂಡು ಗೊರಕೆ ಹೊಡೆದಳು. ಎಷ್ಟೋ ದಿನದಿಂದ ಆ ಗೊರಕೆ ನಾವು ಕೇಳಿರಲಿಲ್ಲ. ಮನೆಯಲ್ಲಿ ಅದಕ್ಕಾಗಿ ನಾನು ಅವಳಿಗೆ ಬಯ್ದದ್ದುಂಟು. ಅವತ್ತು ಮಗಳು ಮಂಚದ ಕಾಲಿನ ಹತ್ತಿರ ನೆಲದ ಮೇಲೇ ಕೂತು, ಅದನ್ನು ಕೇಳುತ್ತ ಕೇಳುತ್ತ ತಾನೂ ತೂಕಡಿಸಿದಳು.

ಆಮೇಲೆ ದಿನಾ ಬೆಳಿಗ್ಗೆ ಆ ಕೋಣೆಯಲ್ಲಿ ಚೌಕಾಸಿ ನಡೆಯುತ್ತಿತ್ತು. ಎದ್ದು ಕೂರಬಲ್ಲವರು ಕೂತು ಕೇಳುತ್ತಿದ್ದರು. ಗಡ್ಡ ಹೆರೆಸಿಕೊಂಡಿದ್ದ ಮುದುಕರು ಸಿಸ್ಟರ್ ಪಕ್ಷ, ಮೇಷ್ಟ್ರಮ್ಮ ನಾದಿನಿಯ ಪಕ್ಷ. ಬಿಡಬೇಡಿ, ಇನ್ನೂ ಇಳೀತಾರೆ ಎಂದು ಮೇಷ್ಟ್ರಮ್ಮ ಆಚೆಯಿಂದ ಕೂಗುವರು. ನಾದಿನಿ ಊಟಕ್ಕೆ ಬಯ್ದಳು, ಗೋಡೆಗೆ ಬಯ್ದಳು, ನೀರಿಗೆ ಬಯ್ದಳು, ದೊಡ್ಡ ಸಿಸ್ಟರ್ ತಂದ ಹೊಸ ಲೋಟಕ್ಕೂ ತಟ್ಟಿ ನೋಡಿ ಬಯ್ದಳು. ಮಗಳು ಅದನ್ನು ಕೇಳಿಸಿಕೊಂಡು ಕಚೇರಿಗೆ ಹೋಗುವಾಗ ಅವಳ ಹೆಜ್ಜೆ ಹಗುರಾಗಿರುತ್ತಿತ್ತು. ನೋವು ಕೆಲವು ದಿನ ಏರಿತು, ಕೆಲವು ದಿನ ಇಳಿಯಿತು. ಏರಿದಾಗ ಬಂದು ನೋಡುವವರಿದ್ದರು. ನಾಳೆ ಎಂದವರಿಲ್ಲ. ರಾತ್ರಿ ಪಾಳಿಯವರಿಗೂ ಸಿಸ್ಟರ್ ಹೇಳಿಟ್ಟಿದ್ದಳಂತೆ, ಆ ಮಂಚದವರು ಹೇಳಿದ ಮೊದಲ ಲೆಕ್ಕ ನಂಬಬೇಡಿ ಎಂದು.

ನೋವು ಬಿಟ್ಟ ಹೊತ್ತಿನಲ್ಲಿ ಅವಳಿಗೆ ಮಾತಾಡಲು ಜಾಗ ಸಿಕ್ಕಿತು. ಅಂಗಡಿಯ ಪಾತ್ರೆಗಳನ್ನು ಯಾರಿಗೆ ಕೊಡಬೇಕು ಎಂದು ಮಗಳಿಗೆ ಹೇಳಿದಳು. ಮೂಲೆ ಅಂಗಡಿಯವನಿಗೆ ಮಾತ್ರ ಬೇಡ, ಅವನು ನನಗಿಂತ ಖದೀಮ ಎಂದಳು. ಗಂಡನ ವಿಷಯ ಮಾತಾಡಿದಳು. ಮಗಳಿಗೆ ಅಪ್ಪನ ಮುಖ ಅಷ್ಟಾಗಿ ನೆನಪಿಲ್ಲ. ಅವನು ಎಡಚ, ತಕ್ಕಡಿಯನ್ನು ಎಡಗಡೆಗೇ ನೇತುಹಾಕುತ್ತಿದ್ದ, ಅದಕ್ಕೇ ಇವತ್ತಿಗೂ ಆ ಕೊಕ್ಕೆ ತಲೆಯ ಮೇಲೆ ಎಡಕ್ಕಿದೆ ಎಂದಳು. ಮಗಳು ಅಷ್ಟು ವರ್ಷ ಆ ಕೊಕ್ಕೆಯ ಕೆಳಗೇ ಕೂತು ಪಾಠ ಓದಿದವಳು. ಅವಳಿಗೆ ಇದು ಗೊತ್ತಿರಲಿಲ್ಲ.

ದಿನ ಕಳೆದ ಹಾಗೆ ಚೌಕಾಸಿ ಚಿಕ್ಕದಾಯಿತು. ಮಾತಿಗೆ ಉಸಿರು ಸಾಲದೆ ಅವಳು ಬೆರಳು ಎತ್ತುವಳು, ಸಿಸ್ಟರ್ ಇನ್ನೊಂದು ಬೆರಳು ಸೇರಿಸುವಳು, ಅಷ್ಟಕ್ಕೇ ಮುಗಿಯುತ್ತಿತ್ತು. ಕೊನೆಕೊನೆಗೆ ಬೆರಳೂ ಏಳಲಿಲ್ಲ. ಆಗ ಸಿಸ್ಟರ್ ಹಣೆ ಮುಟ್ಟಿ, ಕಾಲ ಬೆರಳು ಮುಟ್ಟಿ, ತಾನೇ ನೋಡಿಕೊಂಡಳು. ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ.

ಅದೊಂದು ಮಧ್ಯಾಹ್ನ. ಮಗಳು ಅಮ್ಮನ ತಲೆ ಬಾಚಿ ಮುಗಿಸಿದ್ದಳು. ನಾನು ಈಚೆ ಕುರ್ಚಿಯಲ್ಲಿದ್ದೆ. ದೊಡ್ಡ ಸಿಸ್ಟರ್ ಬಿಸಿನೀರಿನ ಬಟ್ಟಲು ತಂದಿಟ್ಟುಕೊಂಡು, ನಾದಿನಿಯ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ವರ್ಷಗಟ್ಟಲೆ ಪಾತ್ರೆ ತಿಕ್ಕಿ ಆ ಉಗುರುಗಳ ಸಂದಿಗೆ ಸೇರಿದ್ದ ಹಸಿರು ಕಪ್ಪು ಎಷ್ಟು ತೊಳೆದರೂ ಹೋಗದು. ಸಿಸ್ಟರ್ ಅದನ್ನು ಕೆರೆಯಲು ಹೋಗಲಿಲ್ಲ, ಸುತ್ತ ನಯ ಮಾಡಿ ಬಿಟ್ಟಳು. ಬಲಗೈ ಮುಗಿಯಿತು. ಎಡಗೈ ತೆಗೆದುಕೊಂಡಳು. ಆಗ ನಾದಿನಿ ಒಂದು ಉಸಿರು ಬಿಟ್ಟಳು. ಮುಂದಿನದಕ್ಕೆ ನಾವು ಕಾದೆವು. ಅದು ಬರಲಿಲ್ಲ. ಮುಖ ಮೊದಲಿದ್ದ ಹಾಗೆಯೇ ಇತ್ತು, ಎಲ್ಲೂ ಗಂಟಿಕ್ಕಿರಲಿಲ್ಲ.

ಸಿಸ್ಟರ್ ಕತ್ತಿನ ಬದಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಮಗಳ ಕೈಯನ್ನು ತೆಗೆದು ಅಮ್ಮನ ಬಲಗೈಯ ಮೇಲೆ ಇಟ್ಟಳು. ಮಗಳು ಅಳುವಷ್ಟು ಹೊತ್ತೂ ಅಳಲು ಬಿಟ್ಟಳು, ಯಾರನ್ನೂ ಒಳಗೆ ಕರೆಯಲಿಲ್ಲ. ಪರದೆಯ ಆಚೆ ಮೇಷ್ಟ್ರಮ್ಮ ಮೂಗು ಸೀಟಿಕೊಳ್ಳುವುದು ಕೇಳಿಸಿತು.

ಬಹಳ ಹೊತ್ತಿನ ಮೇಲೆ ಸಿಸ್ಟರ್ ಬಟ್ಟಲಿನ ನೀರನ್ನು ಮುಟ್ಟಿ ನೋಡಿದಳು. ಆರಿಹೋಗಿತ್ತು. ಎದ್ದು ಹೋಗಿ, ಬಾತುಕೋಳಿಯ ಹಾಗೆಯೇ ನಡೆದು, ಬೇರೆ ಬಿಸಿನೀರು ತಂದಳು. ಸ್ಟೂಲಿನ ಮೇಲೆ ಕೂತು, ನನ್ನ ನಾದಿನಿಯ ಎಡಗೈಯನ್ನು ನೀರಿನಲ್ಲಿ ನೆನೆಸಿ, ಒರೆಸಿ, ಉಳಿದ ಉಗುರುಗಳನ್ನೂ ಒಂದೊಂದಾಗಿ ಕತ್ತರಿಸಿದಳು.